ಹನ್ನೆರಡು ವರ್ಷದೊಳಗಿನವರ ಫೈನಲ್

"ಈ ಮಿಷನ್ ಮುಂದೆ ವಯಸ್ಸಿನ ಸುಳ್ಳು ನಡೆಯಕ್ಕಿಲ್ಲ ಅತ್ಗೆ," ಎಂದು ನನ್ನ ಮೈದುನ ಕೆಂಪರಾಜ ಗೋಣಿತಾಟು ಎಳೆದು ತನ್ನ ಯಂತ್ರವನ್ನು ಸಭೆಗೆ ತೋರಿಸಿದ.

ಕಬ್ಬಿನ ಗಾಡಿ ತೂಗುತ್ತಿದ್ದ ಹಳೇ ತಕ್ಕಡಿಯ ದೊಡ್ಡ ಮುಳ್ಳು, ಅದರ ತಲೆಯ ಮೇಲೆ ಎರಡು ಕ್ಯಾಮರಾ, ಹೊಟ್ಟೆಗೊಂದು ಮೈಕು. ಕಿವಿಯ ಜಾಗದಲ್ಲಿ ನಮ್ಮನೆಯ ಇಡ್ಲಿ ಪಾತ್ರೆಯ ಮುಚ್ಚಳ. ಅದು ಕಾಣೆಯಾಗಿದೆಯೆಂದು ನಾನು ವಾರದಿಂದ ಪಕ್ಕದ ಮನೆಯವಳ ಮೇಲೆ ಮುಖ ಊದಿಸಿಕೊಂಡಿದ್ದೆ.

ಸಭೆ ನಡೆಯುತ್ತಿದ್ದದ್ದು ಬೀಗ ಬಿದ್ದ ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ನಮ್ಮ ಕಾಲೋನಿಗೆ ಬೇಸ್‌ಬಾಲ್ ತಂದವರು ಪಿ.ಟಿ. ಮೇಷ್ಟ್ರು ಅಂದಾನಯ್ಯ. ಯಾವುದೋ ತರಬೇತಿಗೆ ಹೋಗಿ ಬಂದವರು ಒಂದು ದಪ್ಪ ದೊಣ್ಣೆ ಹಿಡಿದುಕೊಂಡು ಬಂದರು. ಸಕ್ಕರೆ ಚೀಲಕ್ಕೆ ಹೊಟ್ಟು ತುಂಬಿ ನಾಲ್ಕು ಮೂಲೆಗೆ ಹಾಕಿದರು. ಒಬ್ಬರು ಎಸೆಯಬೇಕು, ಒಬ್ಬರು ಹೊಡೆಯಬೇಕು, ಮೂರು ಸಲ ತಪ್ಪಿದರೆ ಔಟು, ಹೊಡೆದವರು ಚೀಲದಿಂದ ಚೀಲಕ್ಕೆ ಓಡಿ ಸುತ್ತು ಬರಬೇಕು. ಅಷ್ಟೇ ಆಟ. ಅದಕ್ಕೆ ಮೇಷ್ಟ್ರು ಬರೆದ ನಿಯಮ ಮಾತ್ರ ಗರುಡ ಪುರಾಣದಷ್ಟಿತ್ತು. ಆಮೇಲೆ ಕಾರ್ಖಾನೆ ನಿಂತಿತು, ಕ್ವಾರ್ಟರ್ಸಿನ ಗೋಡೆಗಳಿಗೆ ಪಾಚಿ ಹತ್ತಿತು, ಗಂಡಸರು ಜಗಲಿಗೆ ಬಿದ್ದರು. ಮಕ್ಕಳ ಲೀಗೊಂದು ಉಳಿಯಿತು. ಅದಕ್ಕೆ ನಾನು ಕಾರ್ಯದರ್ಶಿ. ರಾಗಿ ಮಿಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ಗಟ್ಟಿ. ಬೇರೆ ಅರ್ಹತೆ ಯಾರೂ ಕೇಳಲಿಲ್ಲ.

ಹೋದ ವರ್ಷದ ಫೈನಲ್ಲಿನಲ್ಲಿ ಡೇರಿ ಬೀದಿಯ ತಂಡ ಮೀಸೆ ಬಂದ ಹುಡುಗನನ್ನು ಹನ್ನೊಂದು ವರ್ಷ ಎಂದು ಇಳಿಸಿತು. ಅಪ್ಪಂದಿರು ಹೊಡೆದಾಡಿದರು. ಅಂಪೈರ್ ಆಗಿದ್ದವರ ಕನ್ನಡಕ ಹೋಯಿತು. ಮೈದಾನ ನೋಡಿಕೊಳ್ಳುವ ಆಫೀಸರ್ ಬಂದು, "ಇನ್ನೊಂದು ಗಲಾಟೆ ಆದ್ರೆ ಗೇಟಿಗೆ ಬೀಗ," ಎಂದು ಹೇಳಿ ಹೋದರು. ಅಂದಿನಿಂದ ಅಂಪೈರ್ ಆಗಲು ಒಬ್ಬನೂ ತಯಾರಿರಲಿಲ್ಲ. ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದ ಕೆಂಪರಾಜ ಅದಕ್ಕೇ ಈ ಯಂತ್ರ ಮಾಡಿದ್ದು. ವಯಸ್ಸೂ ಅದೇ ಹೇಳುತ್ತದೆ, ಔಟೂ ಅದೇ ಕೊಡುತ್ತದೆ.

"ಮೊದ್ಲು ಮೇಷ್ಟ್ರೇ ನಿಂತ್ಕಳಿ," ಎಂದ ಕೆಂಪರಾಜ.

ಮೇಷ್ಟ್ರು ನಿಂತರು. ಮುಳ್ಳು ಅಲುಗಾಡಿ, "ಅರವತ್ತೆರಡು," ಎಂದು ಬಸ್‌ಸ್ಟ್ಯಾಂಡಿನ ದನಿಯಲ್ಲಿ ಯಂತ್ರ ಹೇಳಿತು. ಸರಿಯಾಗಿತ್ತು. ಆಮೇಲೆ ಮೀಸೆ ಹುಡುಗನನ್ನು ನಿಲ್ಲಿಸಿದರು. ಅವನು ತಲೆ ತಗ್ಗಿಸಿ ಸುಮ್ಮನೆ ನಿಂತ. "ಹತ್ತೊಂಬತ್ತು. ಅರ್ಹರಲ್ಲ."

ಡೇರಿ ಬೀದಿಯ ತಂಡ ನಡೆಸುವ ಬೋರಲಿಂಗಯ್ಯನ ಮುಖ ಹರಳೆಣ್ಣೆ ಕುಡಿದಂತಾಯಿತು. "ಏನ್ ಚಿಕ್ಕತಾಯಕ್ಕ, ಮೈದುನನ ಕೈಲಿ ಮನೆ ದೇವ್ರು ಮಾಡಿಸ್ಕಂಡು ಬಂದಿದ್ದೀಯಾ?"

"ಅದು ನಿನ್ ವಯಸ್ಸೂ ಹೇಳ್ತದೆ, ನಿಂತ್ಕಂಡು ನೋಡು ಬೋರಣ್ಣ," ಎಂದೆ. ಅವನು ನಿಲ್ಲಲಿಲ್ಲ. ಅವತ್ತು ನಿಂತಿದ್ದರೆ ನಮ್ಮ ಗ್ರಹಚಾರ ಅವತ್ತೇ ಗೊತ್ತಾಗುತ್ತಿತ್ತು. ಯಂತ್ರ ಹೇಳಿದ್ದೇ ಕೊನೆಯ ಮಾತು, ಮನುಷ್ಯರು ಬಾಯಿ ಹಾಕುವಂತಿಲ್ಲ ಎಂದು ಎಲ್ಲರೂ ಕೈಯೆತ್ತಿ ನಿಯಮ ಮಾಡಿದೆವು.

ನನಗೆ ಈ ಫೈನಲ್ ನಡೆಯಲೇಬೇಕಿತ್ತು. ಕಾಲೋನಿ ತಂಡದಲ್ಲಿ ಚೆಂಡು ಎಸೆಯುವವಳು ನನ್ನ ಮಗಳು ಬಿಂದುಶ್ರೀ. ಅವಳಿಗೆ ಹನ್ನೆರಡು. ಜೂನ್ ಬಂದರೆ ಹದಿಮೂರು, ಲೀಗಿನಿಂದ ಹೊರಗೆ. ದೊಡ್ಡ ಹುಡುಗಿಯರಿಗೆ ನಮ್ಮಲ್ಲಿ ತಂಡವಿಲ್ಲ. ಅವಳಪ್ಪ ಕಾರ್ಖಾನೆ ನಿಂತ ದಿನ ಗೋಡೆ ಕಡೆ ತಿರುಗಿ ಮಲಗಿದವರು, ಈ ಕಡೆ ತಿರುಗಿಲ್ಲ. ನಾನು ಮಿಲ್ಲಿನಲ್ಲಿದ್ದರೆ ಅವರಿಗೆ ಉಣಿಸುವುದು, ಮುಖ ತೊಳೆಸುವುದು, ಬಂದವರಿಗೆ "ಅಪ್ಪ ಮಲಗವ್ರೆ" ಎಂದು ಹೇಳಿ ಕಳಿಸುವುದು ಎಲ್ಲ ಅವಳೇ. ಒಂದು ರಿಬ್ಬನ್ ಬೇಕೆಂದು ಕೇಳಿದ ಮಗುವಲ್ಲ. ಈ ಸಲ ಮಾತ್ರ, "ಫೈನಲ್ ದಿನ ಒಂದ್ ಮಧ್ಯಾಹ್ನ ನನ್ನ ಬುಟ್ಬುಡವ್ವ," ಎಂದು ಕೇಳಿದ್ದಳು.

ಫೈನಲ್ ದಿನ ಪಕ್ಕದ ಮನೆಯವಳ ಕೈಕಾಲು ಹಿಡಿದು ನನ್ನ ಗಂಡನ ಹತ್ತಿರ ಕೂರಿಸಿ ಹೋದೆ. ಮೋಡ ಕವಿದಿತ್ತು. ಕಾರ್ಖಾನೆಯ ಚಿಮಣಿಯ ಮೇಲೆ ಹದ್ದೊಂದು ತೂಕಡಿಸುತ್ತಿತ್ತು. ಆಫೀಸರ್ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಬೀಗವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದರು.

ಮೊದಲು ಡೇರಿ ಬೀದಿಯ ಮಕ್ಕಳು ಯಂತ್ರದ ಮುಂದೆ ನಿಂತರು. ಬೋರಲಿಂಗಯ್ಯನ ಮಗ ಯಶವಂತ ಮೊದಲು.

"ನಲವತ್ತನಾಲ್ಕು. ಅರ್ಹರಲ್ಲ."

ನಾನು ನಕ್ಕುಬಿಟ್ಟೆ. ಆ ಮಗು ನನ್ನ ಮೊಣಕೈಯಷ್ಟಿದೆ. ಮುಂದಿನವನಿಗೆ ಮೂವತ್ತೆಂಟು. ಅದರ ಮುಂದಿನವನಿಗೆ ನಲವತ್ತೊಂದು. ಕತ್ತಲಿರುವಾಗಲೇ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಸ್ಕೂಲಿಗೆ ಹೋಗುವ ಮಕ್ಕಳು ಅವು. ಆಮೇಲೆ ನಮ್ಮವರ ಸರದಿ. ಅಲ್ಲೂ ಅದೇ ಕತೆ. ಕೊನೆಗೆ ಬಿಂದು ನಿಂತಳು. ಕೈ ಕಟ್ಟಿಕೊಂಡು, ಹುಬ್ಬು ಗಂಟಿಕ್ಕಿ.

"ಐವತ್ತೊಂದು. ಅರ್ಹರಲ್ಲ."

ನನಗಿಂತ ಜಾಸ್ತಿ. ನಾನು ಕೆಂಪರಾಜನ ಕೊರಳಪಟ್ಟಿ ಹಿಡಿದೆ. "ಎಲ್ಲಿ ಕಲಿಸ್ದೆಯೋ ಇದಕ್ಕೆ ವಯಸ್ಸು?"

"ಬುಡತ್ಗೆ, ಉಸ್ರು ಕಟ್ತದೆ. ಅಂಗನವಾಡಿ ಮುಂದೆ ಒಂದಷ್ಟು ದಿನ, ರೇಷನ್ ಅಂಗಡಿ ಕ್ಯೂ ಮುಂದೆ ಒಂದಷ್ಟು ದಿನ ಇಟ್ಟಿದ್ದೆ. ಅಲ್ಲಿ ಚಿಕ್ಕೋರು ಸಿಕ್ತಾರೆ, ಇಲ್ಲಿ ದೊಡ್ಡೋರು ಸಿಕ್ತಾರೆ ಅಂತವ."

"ಅದೇನ್ ಕಲೀತು?"

"ಕಿರುಚಾಡೋರು, ತಳ್ಳಾಡೋರು, ನಂದೂ ನಂದೂ ಅನ್ನೋರು ಚಿಕ್ಕೋರು. ಸುಮ್ನೆ ನಿಂತ್ಕಂಡು, ಇನ್ನೆಷ್ಟು ಉಳ್ದದೋ ಏನೋ ಅಂತ ನೋಡೋರು ದೊಡ್ಡೋರು." ಅವನಿಗೇ ಈಗ ಹೊಳೆದಂತಿತ್ತು. "ಮೀಸೆ ಹುಡ್ಗನೂ ಸುಮ್ನೆ ನಿಂತಿದ್ದ, ಅಲ್ವಾ?"

"ತಲೆ ಒಳಗೆ ಏನ್ ತುಂಬ್ಕಂಡಿದ್ದೀಯೋ? ಬಗಾಸೆಯಾ?" ಎಂದೆ. ಬಗಾಸೆ ಎಂದರೆ ಕಬ್ಬು ಹಿಂಡಿ ಉಳಿದ ಸಿಪ್ಪೆ. ಅವನು ತಲೆ ತಡವಿಕೊಂಡ. "ಬೇರೆ ಕಲ್ಸಕ್ಕೆ ಮಳೆಗಾಲ ಕಳೀಬೇಕತ್ಗೆ."

ಅಷ್ಟರಲ್ಲಿ ಬೋರಲಿಂಗಯ್ಯ ಯಂತ್ರವನ್ನು ಹಿಡಿದು ಅಲ್ಲಾಡಿಸುತ್ತಿದ್ದ. "ನನ್ ಮಗನಿಗೆ ನಲ್ವತ್ನಾಲ್ಕಾ? ಹಂಗಾರೆ ನಾನ್ ಯಾರ್ಲಾ, ಅವನ ಮೊಮ್ಮಗನಾ? ಹೇಳ್ಲಾ ತಗಡೇ!"

"ಒಂಬತ್ತು," ಎಂದಿತು ಯಂತ್ರ. "ಅರ್ಹರು. ಒಳಗೆ ಬನ್ನಿ."

ಮೈದಾನವೆಲ್ಲ ನಕ್ಕಿತು. ನಮ್ಮ ಕಾಲೋನಿಯ ಚನ್ನಂಕೇಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ. ಬೋರಲಿಂಗಯ್ಯ ಅವನನ್ನು ತಳ್ಳಿದ. ಅವನು ಇವನನ್ನು ತಳ್ಳಿದ. "ಎಂಟು. ಅರ್ಹರು." ಬಿಡಿಸಲು ಬಂದವರೂ ಕೂಗಾಡಿದರು. ಏಳು, ಹತ್ತು, ಒಂಬತ್ತು, ಎಲ್ಲರೂ ಅರ್ಹರು.

ಆಫೀಸರ್ ಬೀಗವನ್ನು ಕೈಗೆತ್ತಿಕೊಂಡರು. ಮೇಷ್ಟ್ರು ಓಡಿಬಂದು ಮಧ್ಯೆ ನಿಂತು, "ಗಲಾಟೆ ಅಲ್ಲ ಸಾರ್, ಆಟ. ಆಟಗಾರರು ಕಮ್ಮಿ ಬಿದ್ದರೆ ಮೈದಾನದಲ್ಲಿರೋ ಅರ್ಹರನ್ನ ಇಳಿಸಬಹುದು ಅಂತ ನಿಯಮ ಇದೆ. ನಾನೇ ಬರೆದದ್ದು," ಎಂದರು. ಬೀಗ ತಪ್ಪಿಸಲು ಬೇರೆ ದಾರಿಯಿರಲಿಲ್ಲ. ಹೀಗೆ ಹನ್ನೆರಡು ವರ್ಷದೊಳಗಿನವರ ಫೈನಲ್ಲಿಗೆ ಅಪ್ಪಂದಿರು ಇಳಿದರು, ಮಕ್ಕಳು ಗೆರೆಯಾಚೆ ಕೂತರು.

ನಾನು ಬಿಂದುವಿನ ಹತ್ತಿರ ಹೋದೆ. "ಹಠ ಮಾಡೇ. ನೆಲಕ್ಕೆ ಬಿದ್ದು ಒದ್ದಾಡು. ಅಳು. ಒಂದ್ ಗಳಿಗೆ ಅತ್ತರೆ ಒಳಗೆ ಹೋಗ್ತೀಯ."

ಅವಳು ಪ್ರಯತ್ನ ಪಟ್ಟಳು. ಮುಖ ಕಿವುಚಿದಳು, ಕಣ್ಣು ಒತ್ತಿದಳು. "ಬರಕ್ಕಿಲ್ಲ ಕಣವ್ವ," ಎಂದಳು. ಮುಳ್ಳು ಐವತ್ತೆರಡಕ್ಕೆ ಏರಿತು.

ಅಪ್ಪಂದಿರ ಆಟ ಶುರುವಾಯಿತು. ಪಂಚೆ ಮೇಲಕ್ಕೆ ಕಟ್ಟಿದರು. ಬೋರಲಿಂಗಯ್ಯ ಎಸೆದ, ಚನ್ನಂಕೇಗೌಡ ಹೊಡೆದು ಮೊದಲ ಚೀಲಕ್ಕೆ ಓಡಿದ. ಚೀಲ ಮುಟ್ಟಿದವರನ್ನು ಔಟ್ ಮಾಡುವಂತಿಲ್ಲ ಎಂದು ಯಾರೋ ಹೇಳಿದ್ದೇ ತಡ, ಚೀಲವನ್ನೇ ಕಂಕುಳಲ್ಲಿ ಇರುಕಿಕೊಂಡು ಮುಂದಕ್ಕೆ ಓಡಿದ.

"ಚೀಲ ಕೆಳಗಿಡ್ಲಾ ಗೌಡ!"

"ಯಾಕ್ ಇಡ್ಲಿ? ಚೀಲ ನನ್ನ ಹತ್ರ ಅದೆ. ನಾನು ಚೀಲದ ಹತ್ರ ಇದ್ದಂಗೇ ಲೆಕ್ಕ."

ಬೋರಲಿಂಗಯ್ಯ ಚೀಲದ ಇನ್ನೊಂದು ತುದಿ ಹಿಡಿದು ಎಳೆದ. ಹೊಲಿಗೆ ಬಿಚ್ಚಿ ಇಬ್ಬರ ತಲೆಯ ಮೇಲೂ ಹೊಟ್ಟು ಸುರಿಯಿತು. ಗೆರೆಯಾಚೆಯಿಂದ ಯಶವಂತ, "ಅಪ್ಪೋ, ಬಿ.ಪಿ. ಅದೆ, ಮೆಲ್ಲಗೆ," ಎಂದು ಕರೆದ. ನಮ್ಮ ಮಕ್ಕಳೂ, "ಕಾಲು ನೋಡ್ಕಂಡು ಓಡಿ," "ಅವ್ರಿಗೂ ಒಂದ್ಸಲ ಕೊಡಿ," ಎಂದವು.

ಯಂತ್ರ ಗದರಿತು. "ಪೋಷಕರು ಗೆರೆಯ ಆಚೆಯಿಂದ ಸಲಹೆ ಕೊಡುವಂತಿಲ್ಲ. ಹತ್ತು ಹೆಜ್ಜೆ ಹಿಂದೆ ಹೋಗಿ."

ಮಕ್ಕಳು ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ ಕೂತವು.

ಒಂದೊಂದು ಔಟಿಗೂ ಜಗಳ, ಒಂದೊಂದು ಜಗಳಕ್ಕೂ ಮುಳ್ಳು ಕೆಳಗೆ. ಬೋರಲಿಂಗಯ್ಯ ಐದಾದ. ಚನ್ನಂಕೇಗೌಡ ನಾಲ್ಕಾದ, ದೊಣ್ಣೆ ಕೊಡುವುದಿಲ್ಲವೆಂದು ಅದರ ಮೇಲೇ ಕೂತು ಮೂರಾದ. ಕೊನೆಗೆ ಬೋರಲಿಂಗಯ್ಯ ಅವನ ಮೊಣಕೈ ಕಚ್ಚಿದ. ಸುಳ್ಳಲ್ಲ, ಹಲ್ಲಿನ ಗುರುತು ನಾನೇ ನೋಡಿದ್ದೇನೆ.

"ಒಂದೂವರೆ," ಎಂದಿತು ಯಂತ್ರ. ಆಮೇಲೆ ಕಾರ್ಖಾನೆಯ ಹಳೇ ಸೈರನ್ನಿನಂತೆ ಕೂಗಿ, "ಮೂರು ವರ್ಷಕ್ಕಿಂತ ಚಿಕ್ಕವರು ಪೋಷಕರಿಲ್ಲದೆ ಮೈದಾನದಲ್ಲಿ ಇರುವಂತಿಲ್ಲ. ಪೋಷಕರು ಬಂದು ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಿ. ಪಂದ್ಯ ರದ್ದು," ಎಂದು ಘೋಷಿಸಿತು.

ಮಕ್ಕಳು ಎದ್ದು ಬಂದವು. ಯಾರೂ ನಗಲಿಲ್ಲ. ಯಶವಂತ ಅಪ್ಪನ ತಲೆಯ ಹೊಟ್ಟು ಕೊಡವಿದ, ಮುಖ ಒರೆಸಿದ, "ನಡೀರಿ, ಹಸ ಕರೀಬೇಕು," ಎಂದು ಕೈ ಹಿಡಿದ. ಬೋರಲಿಂಗಯ್ಯ, "ಅವನೇ ಮೊದ್ಲು ತಳ್ಳಿದ್ದು ಕಣೋ," ಎನ್ನುತ್ತ ಹಿಂದೆ ನಡೆದ. ಸಾಲಾಗಿ ಗೇಟು ದಾಟಿದರು, ಮುಂದೆ ಮಕ್ಕಳು, ಹಿಂದೆ ಅಪ್ಪಂದಿರು. ಜಗಳ ನೋಡಲು ಬಂದವರೂ ಕರಗಿದರು.

ಆಫೀಸರ್ ಎದ್ದರು. "ನಾಳೆಯಿಂದ ಗೇಟು ತೆಗೆಯಲ್ಲಮ್ಮ."

"ಗಲಾಟೆ ಮಾಡಿದ್ದು ಚಿಕ್ಕ ಮಕ್ಕಳು ಸಾರ್, ನಿಮ್ಮ ಮುಂದೇ ಮಿಷನ್ ಹೇಳ್ತಲ್ಲ," ಎಂದು ಮೇಷ್ಟ್ರು ಕೊನೆಯ ಪ್ರಯತ್ನ ಮಾಡಿದರು.

"ಚಿಕ್ಕ ಮಕ್ಕಳ ಗಲಾಟೆಗೂ ಬೀಗ ಒಂದೇ," ಎಂದರು ಅವರು.

ನಾನು ಸುಮ್ಮನಿರಲಿಲ್ಲ. ಮಗು ಕೇಳಿದ್ದು ಒಂದು ಮಧ್ಯಾಹ್ನ, ಅದನ್ನೂ ಕೊಡಕ್ಕಾಗಲ್ವಾ ನಿಮಗೆ ಎಂದು ಶುರುಮಾಡಿದವಳು, ಅವರ ಕುರ್ಚಿ, ಬೀಗ, ಅವರನ್ನು ಕಳಿಸಿದ ಇಲಾಖೆ, ಯಾವುದನ್ನೂ ಬಿಡದೆ ಉಗಿದೆ. ಅವರು ಕಿವಿ ಮುಚ್ಚಿಕೊಂಡು, "ಅರ್ಧ ಗಂಟೇಲಿ ಖಾಲಿ ಮಾಡಿ," ಎಂದು ಗೇಟಿನಾಚೆ ಹೋಗಿ ನಿಂತರು.

ತಿರುಗಿ ನೋಡಿದರೆ ಬಿಂದು ಮೈದಾನದ ನಡುವೆ, ಎಸೆಯುವ ಜಾಗದಲ್ಲಿ, ಚೆಂಡು ಹಿಡಿದು ನಿಂತಿದ್ದಳು.

"ಅವ್ವ, ಎಸೀಲಾ?"

ನಾನು ಸೆರಗು ಸಿಗಿಸಿ ದೊಣ್ಣೆ ಎತ್ತಿಕೊಂಡೆ. ಯಂತ್ರದ ಕ್ಯಾಮರಾ ನನ್ನ ಕಡೆ ತಿರುಗಿತು. "ಹನ್ನೊಂದು. ಅರ್ಹರು."

ಮೊದಲನೆಯ ಚೆಂಡು ಬಂದದ್ದೇ ಕಾಣಲಿಲ್ಲ. ಎರಡನೆಯದರ ಗಾಳಿ ತಾಗಿತು. ಅವಳ ಕೈ ಅಷ್ಟು ಜೋರೆಂದು ನನಗೆ ಅವತ್ತಿನವರೆಗೆ ತಿಳಿದಿರಲಿಲ್ಲ. ಒಂದು ಪಂದ್ಯವನ್ನೂ ಪೂರ್ತಿ ಕೂತು ನೋಡಿರಲಿಲ್ಲವಲ್ಲ, ಅಪ್ಪಂದಿರು ಹೊಡೆದಾಡದಂತೆ ಕಾಯುವುದೇ ಕೆಲಸವಾಗಿತ್ತು. ಮೂರನೆಯದಕ್ಕೆ ಬೀಸಿದ ರಭಸಕ್ಕೆ ನಾನೇ ಒಂದು ಸುತ್ತು ತಿರುಗಿ ಕುಕ್ಕರುಬಡಿದೆ.

"ಔಟ್," ಎಂದಿತು ಯಂತ್ರ.

"ಯಾವೋನ್ಲಾ ಔಟ್ ಅಂದೋನು? ಕಣ್ಣಿಗೇನು ಸುಣ್ಣ ಬಳ್ಕಂಡಿದ್ದೀಯಾ? ಇಡ್ಲಿ ಮುಚ್ಚಳ ಕಿತ್ಕಂಡು ಹೋಗ್ತೀನಿ ನೋಡು."

"ಏಳು," ಎಂದಿತು.

ಬಿಂದು ನಕ್ಕಳು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಮಣ್ಣಿನಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು. ಕೆಂಪರಾಜ, "ಅತ್ಗೆ, ಮುಳ್ಳು," ಎಂದ. ಕ್ಯಾಮರಾ ಅವಳ ಕಡೆ ತಿರುಗಿತ್ತು, ಮುಳ್ಳು ಕೆಳಕ್ಕೆ ಜಾರುತ್ತಿತ್ತು. ನಲವತ್ತು. ಮೂವತ್ತು. ಇಪ್ಪತ್ತೆರಡು. ಹದಿನೇಳು. ಮೇಷ್ಟ್ರು ಮುಳ್ಳಿನ ಹತ್ತಿರಕ್ಕೆ ಬಗ್ಗಿದರು. ಹದಿನಾಲ್ಕು. ಹದಿಮೂರು.

ಹದಿಮೂರಕ್ಕೆ ನಿಂತಿತು. ಕೆಂಪರಾಜ ಯಂತ್ರಕ್ಕೆ ಒದ್ದ. ಅಲ್ಲಾಡಲಿಲ್ಲ.

"ಅರ್ಹರಲ್ಲ."

ಬಿಂದು ಕಣ್ಣೊರೆಸಿಕೊಂಡು ಎದ್ದು ಲಂಗದ ಮಣ್ಣು ಕೊಡವಿದಳು. "ಹೋಗ್ಲಿ ಬುಡವ್ವ. ನಡಿ, ಮುದ್ದೆಗೆ ಎಸರಿಡ್ಬೇಕು," ಎಂದಳು. ಅವಳು ಗೇಟು ಮುಟ್ಟುವ ಹೊತ್ತಿಗೆ ಮುಳ್ಳು ಮತ್ತೆ ಏರಲು ಶುರುವಾಗಿತ್ತು. ನಮ್ಮ ಹಿಂದೆ ಆಫೀಸರ್ ಬೀಗ ಹಾಕಿದರು.

ಆ ಮೂರನೇ ಚೆಂಡು ಮಾತ್ರ ದೊಣ್ಣೆಗೆ ಎಟುಕದಷ್ಟು ಹೊರಗೆ ಬಂದಿತ್ತು. ಯಾರು ಏನೇ ಹೇಳಲಿ, ನಾನು ಔಟಲ್ಲ.