ಕಜೆಟನ್ ಹಡಗಿಗೆ ಹೊರಟದ್ದು

ಕಂಕನಾಡಿಯಲ್ಲಿ ಸೂಟ್‌ಕೇಸ್ ಅಂಗಡಿ ಇಟ್ಟಿದ್ದ ಕಜೆಟನ್ ಡಿಸೋಜರಿಗೆ ವಿಮಾನವೆಂದರೆ ಭಯ ಎಂಬ ಸಂಗತಿ ಇಡೀ ಮಂಗಳೂರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ಕಜೆಟನ್ ಡಿಸೋಜರೇ. ಹೆಂಡತಿ ಒಲಿಂಡಾರಿಗೂ ಅವರು ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಗಲ್ಫಿಗೆ ಹೊರಟವರೆಲ್ಲ ಅವರ ಅಂಗಡಿಯಲ್ಲೇ ಪೆಟ್ಟಿಗೆ ಕೊಳ್ಳುತ್ತಿದ್ದರು. "ವಿಮಾನ ಕುಲುಕಿದರೆ ಹೆದರಬೇಡಿ, ಪಂಪ್‌ವೆಲ್‌ನಲ್ಲಿ ಬಸ್ಸು ಹೊಂಡಕ್ಕೆ ಇಳಿದ ಹಾಗೆ ಅಷ್ಟೆ" ಎಂದು ಅವರಿಗೆಲ್ಲ ಧೈರ್ಯ ತುಂಬಿ ಕಳಿಸುತ್ತಿದ್ದವರು ಕಜೆಟನ್. ತಮ್ಮ ಮನೆಯ ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಅವರು ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡೇ ಇರುತ್ತಿದ್ದರು ಎಂಬುದು ಬೇರೆ ಮಾತು.

ಮಗಳು ಬ್ರೆಂಡಾ ಅಂಡಮಾನಿನ ಒಂದು ಮೂಲೆಯ ದ್ವೀಪದಲ್ಲಿ ನರ್ಸ್ ಆಗಿದ್ದಳು. ಅಳಿಯ ಸೆಡ್ರಿಕ್‌ಗೂ ಅಲ್ಲೇ ಸರ್ಕಾರಿ ಕೆಲಸ. ಅವರಿಗೆ ಗಂಡು ಮಗು ಹುಟ್ಟಿತ್ತು. ಬರುವ ಭಾನುವಾರ ಅದರ ಜ್ಞಾನಸ್ನಾನ. ಬಾಣಂತನಕ್ಕೆಂದು ಒಲಿಂಡಾ ಮೊದಲೇ ವಿಮಾನದಲ್ಲಿ ಹೋಗಿಯಾಗಿತ್ತು. ಕಜೆಟನ್ ಮಾತ್ರ ಯಾರಿಗೂ ಹೇಳದೆ ಬೇರೆ ದಾರಿ ಹುಡುಕಿಕೊಂಡಿದ್ದರು. ಚೆನ್ನೈವರೆಗೆ ರೈಲು, ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ಹಡಗು, ಅಲ್ಲಿಂದ ಬ್ರೆಂಡಾಳ ದ್ವೀಪಕ್ಕೆ ಇನ್ನೊಂದು ಬೋಟು. ಎಲ್ಲ ಸೇರಿ ವಾರದ ಹತ್ತಿರ ಬೇಕು. ಆದರೆ ಎಲ್ಲವೂ ನೆಲಕ್ಕೋ ನೀರಿಗೋ ತಾಗಿಕೊಂಡೇ ಹೋಗುವಂಥದ್ದು.

ಹೊರಡುವ ದಿನ ಬೆಳಿಗ್ಗೆ ಫ್ಲ್ಯಾಟಿನ ಗೇಟಿನ ಹತ್ತಿರ ಮೋಹನದಾಸ ಶೆಟ್ಟರು ಸಿಕ್ಕಿದ್ದೇ ತೊಂದರೆಯ ಮೂಲ. ಶೆಟ್ಟರು ಹೋಟೆಲನ್ನು ಮಗನಿಗೆ ವಹಿಸಿ ಕೆಳಗಿನ ಮನೆಯಲ್ಲಿ ಆರಾಮವಾಗಿದ್ದರು. ಈಗ ಅವರಿಗೆ ಅಕ್ಕಪಕ್ಕದವರ ಕಷ್ಟಗಳೇ ಕಸುಬು.

"ಹಡಗಾ? ಎಂತಕ್ಕೆ ಮಾರಾಯ್ರೆ?" ಎಂದರು ಪ್ರಯಾಣದ ವಿವರ ಕೇಳಿ ತಿಳಿದ ಶೆಟ್ಟರು.

ಕಜೆಟನ್‌ಗೆ ಬಾಯಿಗೆ ಬಂದದ್ದು ಒಂದೇ. "ಖರ್ಚು ಕಡಿಮೆ ಶೆಟ್ರೆ. ವಿಮಾನಕ್ಕೆ ಅಷ್ಟೆಲ್ಲ ಸುರಿಯಲಿಕ್ಕೆ ನನ್ನಿಂದ ಆಗುದಿಲ್ಲ."

ಈ ಮಾತು ಶೆಟ್ಟರ ಎದೆಗೆ ನಾಟಿತು. ತಮ್ಮ ತಲೆಯ ಮೇಲಿನ ಮನೆಯಲ್ಲೇ ಇಂಥ ಬಡತನ ಇದ್ದದ್ದು ತಮಗೆ ತಿಳಿಯದೆ ಹೋಯಿತಲ್ಲ ಎಂದು ಮರುಗಿ, ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಫೋನು ಹಿಡಿದು ಕುಳಿತರು. ಕಜೆಟನ್ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದರು.

"ನೋಡಿ, ನಾಡಿದ್ದು ಬೆಂಗಳೂರಿನಿಂದ ವಿಮಾನ ಉಂಟು. ಆಫರಿನಲ್ಲಿ. ಹಡಗಿನ ಟಿಕೆಟು ಅಗ್ಗ ಅಂತ ಕಾಣ್ತದೆ, ಆದರೆ ಚೆನ್ನೈಯಲ್ಲಿ ರೂಮು, ಹಡಗಿನಲ್ಲಿ ದಿನಾ ಊಟ, ಅದೆಲ್ಲ ಸೇರಿಸಿದ್ರೆ ವಿಮಾನವೇ ಲಾಭ."

ಕಜೆಟನ್ ಲೆಕ್ಕ ನೋಡಿದರು. ದುರದೃಷ್ಟಕ್ಕೆ ಅದು ಸರಿಯಾಗಿತ್ತು.

"ಆದರೆ ಲಗ್ಗೇಜು ಉಂಟಲ್ಲ ಶೆಟ್ರೆ. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಬಾಣಂತಿಗೆ ಎಣ್ಣೆ. ವಿಮಾನದಲ್ಲಿ ಇಷ್ಟೆಲ್ಲ ಬಿಡುದಿಲ್ಲ."

ಎದುರುಮನೆಯ ಶರ್ಲಿಗೆ ಇದು ಕೇಳಿಸಿತು. ಕಂಕನಾಡಿಯ ಕಿವಿ-ಮೂಗು ಡಾಕ್ಟರರ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಆಕೆ ಡ್ಯೂಟಿಗೆ ಹೊರಟವಳು ಬ್ಯಾಗು ಬದಿಗಿಟ್ಟು ಒಳಗೇ ಬಂದಳು. ಕುವೈತಿನಲ್ಲಿ ಕೆಲಸ ಮಾಡಿ ಬಂದ ಕೈ ಅದು. ಹಪ್ಪಳದ ನಡುವೆ ಒಣಮೀನು, ಒಣಮೀನಿನ ಪೊಟ್ಟಣದ ಸಂದಿಯಲ್ಲಿ ಕಾಲುಚೀಲ, ಎಣ್ಣೆಯ ಬಾಟಲಿಗೆ ಕಜೆಟನ್‌ರ ಪೈಜಾಮ ಸುತ್ತಿ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಇಳಿಸಿ, ಮೇಲೆ ಕುಳಿತು ಜಿಪ್ ಎಳೆದಳು. ಪೆಟ್ಟಿಗೆ ಹೆಬ್ಬಾವು ಆಡು ನುಂಗಿದ ಹಾಗೆ ಕಾಣುತ್ತಿತ್ತು. ತೂಕ ಮಾತ್ರ ವಿಮಾನದ ಮಿತಿಯೊಳಗೆ ಇತ್ತು.

"ಅಂಕಲ್, ನನಗೆ ಹೀಗೆ ಪ್ಯಾಕ್ ಮಾಡ್ಲಿಕ್ಕೆ ಕಲಿಸಿದ್ದೇ ನೀವಲ್ವಾ?" ಎಂದಳು ಶರ್ಲಿ.

ಕಜೆಟನ್ ಕೊನೆಗೆ ಕಿವಿ ಹಿಡಿದುಕೊಂಡರು. "ನನಗೆ ಕಿವಿ ನೋವು ಉಂಟು. ಮೇಲೆ ಹೋದರೆ ಕಿವಿ ಒಡೀತದಂತೆ."

ಹೇಳಿದ ಮೇಲೆ, ಯಾರೆದುರು ಏನು ಹೇಳಿದೆನೆಂದು ಹೊಳೆಯಿತು. ಅಷ್ಟರಲ್ಲಿ ಶರ್ಲಿ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಯಾಗಿತ್ತು. ಶೆಟ್ಟರು ಪೆಟ್ಟಿಗೆಯನ್ನು ಕಾರಿಗೆ ಹಾಕಿ ಹಿಂಬಾಲಿಸಿದರು. ಡಾಕ್ಟರರು ಎರಡೂ ಕಿವಿಗಳಿಗೆ ಲೈಟು ಬಿಟ್ಟು ನೋಡಿ, "ಇಷ್ಟು ಒಳ್ಳೆಯ ಕಿವಿ ಈಗಿನ ಹುಡುಗರಿಗೂ ಇಲ್ಲ. ಇದನ್ನು ಇಟ್ಟುಕೊಂಡು ಚಂದ್ರನಲ್ಲಿಗೂ ಹೋಗಬಹುದು" ಎಂದರು. ಪರಿಚಯದವರೆಂದು ಫೀಸು ಕೂಡ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಮೂವರೂ ಪಂಪ್‌ವೆಲ್‌ಗೆ ಹೋದರು. ಅಲ್ಲಿ ಇರ್ವಿನ್‌ನ ಟ್ರಾವೆಲ್ಸ್ ಆಫೀಸು. ಇರ್ವಿನ್ ಒಲಿಂಡಾರ ದೂರದ ಸಂಬಂಧಿ.

"ಹಡಗು ಕ್ಯಾನ್ಸಲ್ ಮಾಡುವಾ. ಎರಡೇ ಸೀಟು ಉಳಿದಿದೆ ಅಂಕಲ್. ಕಿಟಕಿ ಬದಿ ಹಾಕ್ಲಾ?" ಎಂದ ಇರ್ವಿನ್.

"ಕಿಟಕಿಯೇ ಹಾಕು. ಪಾಪ, ಮೊದಲ ಸಲ ಹೋಗುದು. ದುಡ್ಡು ನಾನು ಕೊಡ್ತೇನೆ," ಎಂದರು ಶೆಟ್ಟರು.

ಇರ್ವಿನ್‌ನ ಬೆರಳು ಕೀಬೋರ್ಡಿನ ಮೇಲೆ ಎದ್ದು ನಿಂತಿತು. ಕಜೆಟನ್ ಅದನ್ನೇ ನೋಡಿದರು. ಆ ಬೆರಳು ಕೆಳಗೆ ಬಂದರೆ ತಾವು ಮೇಲೆ ಹೋಗುವುದು ಖಂಡಿತ.

"ನಿಲ್ಲು," ಎಂದರು. "ಹರಕೆ ಉಂಟು."

"ಎಂತ ಹರಕೆ?"

"ಬಿಕರ್ನಕಟ್ಟೆಯ ಬಾಲಯೇಸುವಿಗೆ ಹೇಳಿಕೊಂಡದ್ದು. ಹೆರಿಗೆ ಸುಸೂತ್ರ ಆದರೆ ಸಮುದ್ರದ ದಾರಿಯಲ್ಲೇ ಹೋಗಿ ಮೊಮ್ಮಗನ ಮುಖ ನೋಡ್ತೇನೆ ಅಂತ."

ಶರ್ಲಿ ಶಿಲುಬೆಯ ಗುರುತು ಹಾಕಿಕೊಂಡಳು. ಪ್ರತಿ ಗುರುವಾರ ತಪ್ಪದೆ ಬಿಕರ್ನಕಟ್ಟೆಯ ಆ ಪುಣ್ಯಕ್ಷೇತ್ರಕ್ಕೆ ಹೋಗುತ್ತಿದ್ದ ಮೋಹನದಾಸ ಶೆಟ್ಟರು ಕುಳಿತಲ್ಲೇ ಚಪ್ಪಲಿ ಕಳಚಿದರು.

"ಇದನ್ನು ಬೆಳಿಗ್ಗೆಯೇ ಹೇಳುದಲ್ವಾ?" ಎಂದರು ತಗ್ಗಿದ ದನಿಯಲ್ಲಿ. "ಹರಕೆಯ ವಿಷಯದಲ್ಲಿ ಅಗ್ಗ ಎಂತ, ತುಟ್ಟಿ ಎಂತ? ಏಳಿ. ಮೊದಲು ಅಲ್ಲಿ ಒಂದು ಮೇಣದಬತ್ತಿ ಹಚ್ಚಿ, ಮತ್ತೆ ರೈಲು."

ಶರ್ಲಿ ಡ್ಯೂಟಿಗೆ ಮರಳಿದಳು. ಬಿಕರ್ನಕಟ್ಟೆಯಲ್ಲಿ ಮೊಣಕಾಲೂರಿದಾಗ ಕಜೆಟನ್‌ಗೆ ತಲೆ ಎತ್ತಲಾಗಲಿಲ್ಲ. ದೇವರ ಹೆಸರಿನಲ್ಲೇ ಸುಳ್ಳು ಹೇಳಿಯಾಗಿತ್ತು. ಅವರು ಪ್ರಾಮಾಣಿಕ ವ್ಯಾಪಾರಿ. ಒಂದು ಹೊಂದಾಣಿಕೆ ಮಾಡಿಕೊಂಡರು. 'ಬೆಳಿಗ್ಗೆ ಇಲ್ಲದ ಹರಕೆಯನ್ನು ಈಗ ಹೇಳಿಕೊಳ್ತೇನೆ. ಕೊನೆಯ ಗಜದವರೆಗೂ ನೀರಿನ ಮೇಲೆಯೇ ಹೋಗ್ತೇನೆ. ಹಿಂದಿನ ತಾರೀಕಿನಿಂದ ಸೇರಿಸಿಕೊಳ್ಳಬೇಕು.' ಎದ್ದಾಗ ಮನಸ್ಸು ತೊಳೆದ ಪಾತ್ರೆಯಂತೆ ಹಗುರವಾಗಿತ್ತು. ಹೊರಗೆ ಮರದ ಕೆಳಗೆ ಶೆಟ್ಟರು ಫೋನಿನಲ್ಲಿ ಯಾರ ಹತ್ತಿರವೋ ಬಹಳ ಹೊತ್ತು ಮಾತಾಡುತ್ತಿದ್ದರು.

ಮಧ್ಯಾಹ್ನದ ರೈಲಿನಲ್ಲಿ ಶೆಟ್ಟರೇ ಪೆಟ್ಟಿಗೆಯನ್ನು ಸೀಟಿನ ಅಡಿಗೆ ತಳ್ಳಿ, ಕಜೆಟನ್‌ರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ಇಳಿದು ಹೋದರು. ರೈಲು ಹೊರಟಿತು. ಕಜೆಟನ್ ಬೆಳಗಿನಿಂದ ಮೊದಲ ಬಾರಿಗೆ ಪೂರ್ತಿ ಉಸಿರು ಬಿಟ್ಟರು. ನೇತ್ರಾವತಿಯ ಸೇತುವೆ ಬರುವಾಗ ಬ್ರೆಂಡಾಳ ಫೋನು ಬಂತು.

"ಡ್ಯಾಡಿ, ಪೋರ್ಟ್ ಬ್ಲೇರಿನಿಂದ ನಮ್ಮಲ್ಲಿಗೆ ಬರುವ ಬೋಟು ರಿಪೇರಿಗೆ ಹೋಗಿದೆ. ಈ ವಾರ ಇಲ್ಲ."

"ಮತ್ತೆ ನಾನು ಬರುವುದು ಹೇಗೆ?"

"ಚಿಂತೆ ಬೇಡ. ಮೋಹನದಾಸ ಅಂಕಲ್ ಫೋನ್ ಮಾಡಿದ್ರು. ನಿಮಗೆ ವಿಮಾನದಲ್ಲಿ ಹೋಗುವ ಆಸೆ ಎಷ್ಟಿತ್ತು, ಖರ್ಚಿಗೆ ಹೆದರಿ, ಹರಕೆಗೆ ಕಟ್ಟುಬಿದ್ದು ಹೇಗೆ ಬಿಟ್ಟುಕೊಟ್ರಿ, ಎಲ್ಲ ಹೇಳಿದ್ರು. ಮಮ್ಮಿ ಅತ್ತೇ ಬಿಟ್ರು. ಸೆಡ್ರಿಕ್ ಇಲಾಖೆಯವರ ಕಾಲು ಹಿಡಿದು ನಿಮಗೆ ಸರ್ಕಾರಿ ಹೆಲಿಕಾಪ್ಟರಿನಲ್ಲಿ ಒಂದು ಸೀಟು ಮಾಡಿಸಿದ್ದಾನೆ."

ಕಜೆಟನ್ ಕಿಟಕಿಯ ಸರಳು ಹಿಡಿದುಕೊಂಡರು.

"ಹರಕೆ ಉಂಟಲ್ಲ ಮಗಾ," ಎಂದರು ಕ್ಷೀಣವಾಗಿ. "ಕೊನೆಯವರೆಗೂ ನೀರಿನ ಮೇಲೇ ಅಂತ."

"ಇಲ್ಲಿಯ ಫಾದರ್ ಹತ್ರ ಕೇಳಿದೆವು. ಹಡಗಿನಲ್ಲಿ ಬಂದಾಗಲೇ ಹರಕೆ ತೀರಿತು, ಬಾಕಿಯದ್ದಕ್ಕೆ ತಾನು ಜವಾಬ್ದಾರಿ ಅಂದ್ರು. ವಿಮಾನಕ್ಕಿಂತ ಇದು ಚೆಂದ ಡ್ಯಾಡಿ. ಸಣ್ಣದು, ಸುತ್ತ ಗಾಜು. ಪೈಲಟಿನ ಪಕ್ಕದ ಸೀಟು ನಿಮ್ಮದೇ. ಕಾಲಿನ ಅಡಿಯಲ್ಲೂ ಸಮುದ್ರ ಕಾಣ್ತದಂತೆ."

ಫೋನು ಇಟ್ಟಾಗ ಎದುರು ಸೀಟಿನ ಹೆಂಗಸು ಕನಿಕರದಿಂದ ನೋಡುತ್ತಿದ್ದರು.

"ಎಂತ, ಊರಲ್ಲಿ ಏನಾದ್ರೂ ಕೆಟ್ಟ ಸುದ್ದಿಯಾ?"

"ಇಲ್ಲ, ಮೊಮ್ಮಗನನ್ನು ನೋಡ್ಲಿಕ್ಕೆ ಹೋಗ್ತಾ ಇದ್ದೇನೆ."

"ಮತ್ತೆ ಸರಳನ್ನು ಯಾಕೆ ಹಾಗೆ ಹಿಡ್ಕೊಂಡಿದ್ದೀರಿ?"

ಕಾಸರಗೋಡು ದಾಟುವವರೆಗೆ ಕಜೆಟನ್ ಸರಳನ್ನು ಬಿಡಲಿಲ್ಲ.