ಮೀಸೆ ಬಂದವಳಿಗೆ ಕುಬಸ

ತಮ್ಮ ಮನೆಯಲ್ಲಿ ಏನು ನಡೆದಿದೆ ಎಂದು ಗೊತ್ತಿಲ್ಲದವರನ್ನು ಕಂಡು ಊರು ನಗುತ್ತದೆ. ತಮ್ಮ ಮೈಯಲ್ಲೇ ಏನು ನಡೆದಿದೆ ಎಂದು ಗೊತ್ತಿಲ್ಲದವರನ್ನು ಕಂಡು ಏನು ಮಾಡಬೇಕೋ ನನಗೆ ತಿಳಿಯದು, ಯಾಕೆಂದರೆ ಆ ಪೈಕಿ ನಾನೂ ಒಬ್ಬಳು. ನಾನೇನು ಓದುಬರಹ ಬಾರದವಳಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಮಲಪ್ರಭೆ ಎಲ್ಲಿ ಹುಟ್ಟಿ, ಕೊಣ್ಣೂರಿನ ಹತ್ತಿರ ಹೇಗೆ ಹಾಯ್ದು, ಎಲ್ಲಿ ಹೋಗಿ ಕೂಡುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಹೋದ ವರ್ಷ ನನ್ನ ಎದೆಯಿಂದ ನೆತ್ತಿಯವರೆಗೆ ದಿನಕ್ಕೆ ಹತ್ತು ಸಲ ಹಾಯುತ್ತಿದ್ದ ಉರಿ ಎಲ್ಲಿ ಹುಟ್ಟುತ್ತದೆ ಎಂದು ಯಾರಾದರೂ ಕೇಳಿದ್ದರೆ ನಾನು ನಾಪಾಸು.

ಮೊದಲಿನಿಂದ ಹೇಳುತ್ತೇನೆ. ನಾವಿರುವುದು ರೋಣದಲ್ಲಿ. ನಮ್ಮ ಮನೆಯವರು ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಇದ್ದೊಬ್ಬ ಮಗಳು ಗಂಗಾಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದೇವೆ. ಮನೆಯಲ್ಲಿ ನಾನು, ಇವರು, ಹೊಳೆಮಣ್ಣೂರ ತವರಿನ ನಮ್ಮ ಅತ್ತೆ. ಹೋದ ವರ್ಷ ನನ್ನ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಅರಿಸಿನ ಹಚ್ಚಿದೆವು, ಎಲೆ ಕಟ್ಟಿದೆವು, ಇಟಗಿ ಭೀಮವ್ವನಿಗೆ ಹರಕೆ ಹೊತ್ತೆವು. ಗಂಟು ಯಾವುದಕ್ಕೂ ಜಗ್ಗದೆ ಇದ್ದಾಗ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ಕ್ಯಾನ್ಸರ್ ಎಂದರು. ಗಂಟಿನ ಜೊತೆಗೆ ಇಡೀ ಮೊಲೆಯನ್ನೇ ತೆಗೆದರು. ಮನೆಗೆ ಬರುವ ದಿನ ಡಾಕ್ಟರು ಇವರನ್ನು ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಅರ್ಧ ತಾಸು ಮಾತಾಡಿದರು. ಇವರು ಅಷ್ಟೂ ಹೊತ್ತು ತಲೆ ಅಲ್ಲಾಡಿಸಿದ್ದು ನನಗೆ ಮಂಚದ ಮೇಲಿನಿಂದಲೇ ಕಾಣುತ್ತಿತ್ತು. ಒಳಗೆ ಬಂದು, "ಸೂಜಿ ಮಾಡಿಸ್ಕೋಬೇಕಂತ. ಶಕ್ತಿಗೆ" ಎಂದರು. ಅರ್ಧ ತಾಸಿನ ಮಾತು ಇಷ್ಟೇ ಆಯಿತು. ನಮ್ಮ ಮನೆಯವರ ರೀತಿಯೇ ಹಾಗೆ. ಕಚೇರಿಯಲ್ಲಿ ಕಟ್ಟೆಯ ಮೇಲಿನ ಬೇವಿನ ಗಿಡದ ಬಗ್ಗೆ ಕೂಡ ನಾಲ್ಕು ಪುಟ ಟಿಪ್ಪಣಿ ಬರೆಯುವವರು, ಮನೆಯಲ್ಲಿ ನಾಲ್ಕು ಶಬ್ದದ ಮೇಲೆ ಐದನೆಯದನ್ನು ಖರ್ಚು ಮಾಡುವುದಿಲ್ಲ. ಅದರಲ್ಲೂ ತಾಯಿಯ ಎದುರಿಗೆ ಹೆಂಡತಿಯೊಡನೆ ಮಾತಾಡುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಅತ್ತೆಯವರು ಮನೆ ಬಿಟ್ಟು ಹೋಗುವುದೂ ಇಲ್ಲ.

ವಾರಕ್ಕೆ ಮೂರು ಸಲ ಊರ ದವಾಖಾನೆಯ ನರ್ಸಬಾಯಿಯ ಹತ್ತಿರ ಸೂಜಿ. ಅದರೊಳಗಿನ ಔಷಧ ಎಣ್ಣೆಯಂತೆ ಮಂದ. ಒಳಗೆ ಹೋಗುವುದಕ್ಕೆ ಅದಕ್ಕೂ ಮನಸ್ಸಿಲ್ಲ, ತೆಗೆದುಕೊಳ್ಳುವುದಕ್ಕೆ ನನಗೂ ಮನಸ್ಸಿಲ್ಲ. ಒಂದೆರಡು ತಿಂಗಳಲ್ಲಿ ಶಕ್ತಿ ಬಂತು, ಸುಳ್ಳಲ್ಲ. ಹಸಿವೆಯೂ ಬಂತು. ಎರಡು ರೊಟ್ಟಿ ತಿನ್ನುತ್ತಿದ್ದವಳು ನಾಲ್ಕಕ್ಕೆ ಏರಿದೆ. ಆಮೇಲೆ ಉರಿ ಬಂತು. ಸಂಕ್ರಾಂತಿಯ ಚಳಿಯಲ್ಲಿ ಓಣಿಯೆಲ್ಲ ಕೌದಿ ಹೊದ್ದು ಕೂತಿದ್ದರೆ ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಸೆರಗನ್ನು ತೋಯಿಸಿ ತೋಯಿಸಿ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದೆ. ಒಂದು ಗಳಿಗೆ ಬೆವರು ಸುರಿದು, ಮರುಗಳಿಗೆಗೆ ನಡುಗಿ ಅದೇ ಕೌದಿಯನ್ನು ಹುಡುಕಿಕೊಂಡು ಓಡುತ್ತಿದ್ದೆ. ಸುಮ್ಮನೆ ಕೂತಲ್ಲಿ ಅಳು ಬರುತ್ತಿತ್ತು. ಒಮ್ಮೆ ಸಾರಿಗೆ ಒಗ್ಗರಣೆ ಸಿಡಿದದ್ದಕ್ಕೆ ಕಣ್ಣೀರು ಹಾಕಿದೆ. ಸಾಸಿವೆ ಸಿಡಿಯದೆ ಇನ್ನೇನು ಮಾಡೀತು?

ಆಮೇಲೆ ದನಿ. ನನ್ನದು ಸಣ್ಣ ದನಿ. ಮದುವೆಯಲ್ಲಿ ಹಾಡು ಹೇಳಿದರೆ ಎರಡನೆಯ ಸಾಲಿನವರಿಗೆ ಕೇಳುತ್ತಿರಲಿಲ್ಲ. ಅದು ಒಡೆಯಿತು. ನೆಗಡಿ ಎಂದುಕೊಂಡು ಶುಂಠಿ ಕಷಾಯ ಕುಡಿದೆ. ಕುಡಿದಷ್ಟೂ ದಪ್ಪವಾಯಿತು. ಒಂದು ದಿನ ಕಚೇರಿಯ ಸಿಪಾಯಿ ಬಂದು ಬಾಗಿಲು ಬಡಿದ. ನಾನು ಒಳಗಿನಿಂದಲೇ "ಯಾರದು?" ಎಂದೆ. ಆತ, "ನಾನ್ರೀ ಸಾಹೇಬ್ರ" ಎಂದವನೇ, ಮಾಮಲೇದಾರರು ಬೆಳಿಗ್ಗೆಯಿಂದ ಸಿಟ್ಟಿನಲ್ಲಿದ್ದಾರೆಂದೂ, ತಾನು ಎರಡು ದಿನ ನರಗುಂದಕ್ಕೆ ಅಳಿಯನ ಮನೆಗೆ ಹೋಗಬೇಕೆಂದೂ ಬಾಗಿಲಿಗೆ ವರದಿ ಒಪ್ಪಿಸಿದ. ಬಾಗಿಲು ತೆರೆದು ಅವನನ್ನು ನಾಚಿಸುವುದೇಕೆ ಎಂದು, "ಹ್ಞೂಂ, ಹೋಗಿ ಬಾ" ಎಂದೆ. ಎರಡು ದಿನ ಸಿಪಾಯಿ ಇಲ್ಲದೆ ಕಚೇರಿ ಒದ್ದಾಡಿತಂತೆ. ರಜೆ ಕೊಟ್ಟವರು ಯಾರೆಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಮೀಸೆ. ದೊಡ್ಡ ಮೀಸೆಯೇನಲ್ಲ, ಇಂಗ್ಲಿಷ್ ಶಾಲೆಗೆ ಹೊಸದಾಗಿ ಹೋಗುವ ಹುಡುಗರಿಗೆ ಬರುವಂಥದ್ದು. ಅರಿಸಿನ ತಿಕ್ಕಿದರೆ ಹಳದಿ ಮೀಸೆಯಾಗಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಇಷ್ಟೆಲ್ಲ ಬರುತ್ತಿದ್ದಾಗ ಬರದೆ ಹೋದದ್ದು ಒಂದೇ, ತಿಂಗಳ ಮುಟ್ಟು. ಮುಟ್ಟಾದವಳು ಮೂರು ದಿನ ದೂರ ಕೂಡಬೇಕು. ಹಿತ್ತಿಲ ಕಡೆಯ ಪಡಸಾಲೆಯ ಮೂಲೆ, ಒಂದು ಚಾಪೆ, ಒಂದು ತಂಬಿಗೆ. ಯಾರನ್ನೂ ಮುಟ್ಟುವಂತಿಲ್ಲ, ಒಲೆಯ ಕಡೆ ಸುಳಿಯುವಂತಿಲ್ಲ. ನಾನು ದೂರ ಕೂತು ಮೂರು ತಿಂಗಳಾಗಿತ್ತು. ನಾನು ಲೆಕ್ಕ ಇಟ್ಟಿರಲಿಲ್ಲ, ಅತ್ತೆ ಇಟ್ಟಿದ್ದರು.

ಒಂದು ಮುಂಜಾನೆ ಅವರು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಮೀಸೆ ನೋಡಿದರು. ಹೊಟ್ಟೆ ನೋಡಿದರು. ಅವರ ಮುಖ ಅರಳಿತು.

"ಇಂದಿರಾ, ನೀ ಬಸರಾಗೀದಿ."

"ಅತ್ತಿ, ಏನಂತೀರಿ? ನಲವತ್ತೊಂದು ನನಗ!"

"ನಮ್ಮ ಸ್ವಾದರತ್ತಿ ನಲವತ್ತಮೂರಕ್ಕ ಹಡದ್ಲು. ದೂರ ಕೂತು ಮೂರು ತಿಂಗಳಾತು, ನಾಲ್ಕು ರೊಟ್ಟಿ ತಿಂತಿ, ಮೈ ಬೆಚ್ಚಗದ. ಇನ್ನೇನು ಬೇಕು?"

"ಮತ್ತ ಈ ದನಿ? ಈ ಮೀಸಿ?"

"ಒಳಗಿರೋದು ಗಂಡುಕೂಸು" ಎಂದು ಅತ್ತೆ ತೀರ್ಪು ಕೊಟ್ಟರು. "ಹೊಟ್ಟ್ಯಾಗ ಗಂಡು ಇದ್ದ ಮ್ಯಾಲ ಅವ್ವಗ ಒಂದೀಟು ಗಂಡಸ್ತನ ಬರ್ಲಿಕ್ಕೇ ಬೇಕಲ್ಲ?"

ನನಗೆ ನಗು ಬರಲಿಲ್ಲ. ಈಗ ಬರುತ್ತದೆ, ಆಗ ಬರಲಿಲ್ಲ. ಯಾಕೆಂದರೆ ನಾನು ನನ್ನೊಳಗೆ ಬೇರೆಯದೇ ಒಂದನ್ನು ನಂಬಿ ಕೂತಿದ್ದೆ. ಆ ಗಂಟು ತಿರುಗಿ ಬಂದಿದೆ, ಈ ಸಲ ಒಳಗೆಲ್ಲೋ ಅಡಗಿ ಮೈಯೆಲ್ಲ ಸುಡುತ್ತಿದೆ, ಇವರಿಗೆ ಅದು ಗೊತ್ತಿದೆ, ಅದಕ್ಕೇ ಮಾತಾಡುತ್ತಿಲ್ಲ ಎಂದುಕೊಂಡಿದ್ದೆ. ಸ್ನಾನಕ್ಕೆ ಕೂತಾಗಲೆಲ್ಲ ಗಾಯದ ಗೆರೆಯ ಸುತ್ತ ಬೆರಳಾಡಿಸಿ ಹುಡುಕುತ್ತಿದ್ದೆ. ಸಾವು ಎಂದುಕೊಂಡದ್ದನ್ನು ಯಾರೋ ಬಂದು ಕೂಸು ಎಂದರೆ ಯಾವ ಹೆಂಗಸು ವಾದಕ್ಕಿಳಿಯುತ್ತಾಳೆ? ನಾನು ಅರ್ಧ ನಂಬಿದೆ. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ನಂಬಿದೆ.

ಅದೇ ದಿನ ಅತ್ತೆ ಎರಡು ಆಜ್ಞೆ ಮಾಡಿದರು. ಒಂದು, ಗಂಗಾಳಿಗೆ ಪತ್ರ. ಅತ್ತೆಗೆ ಬರೆಯಲು ಬಾರದು, ಮಗನಿಗೆ ಇಂಥದನ್ನು ಹೇಳಲು ನಾಚಿಕೆ, ಉಳಿದವಳು ಮುಲ್ಕಿ ಪಾಸಾದ ನಾನು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ: "ನಿನ್ನ ಅವ್ವ ಬಸರಿ ಇರುತ್ತಾಳೆ. ಕುಬಸಕ್ಕೆ ಒಂದು ಹಸಿರು ಖಣ ತೆಗೆದುಕೊಂಡು ಬರತಕ್ಕದ್ದು." ನನ್ನ ಬಸುರಿನ ಸುದ್ದಿಯನ್ನು ಸ್ವಂತ ಅಕ್ಷರದಲ್ಲಿ ಬರೆದು, ಮಡಚಿ, ಟಪಾಲು ಪೆಟ್ಟಿಗೆಗೆ ಹಾಕಿ ಬಂದೆ. ಬಸುರಿಗೆ ಹಸಿರು ಕುಬಸ ತೊಡಿಸಿ ಆರತಿ ಎತ್ತುವುದು ತವರಿನವರ ಕೆಲಸ. ನನ್ನ ತವರಿನಲ್ಲಿ ಯಾರೂ ಉಳಿದಿಲ್ಲವಾದ್ದರಿಂದ ಮಗಳೇ ತರಲಿ ಎಂದು ಅತ್ತೆಯ ಏರ್ಪಾಟು. ಮಗಳು ತಾಯಿಗೆ ಕುಬಸ ತರುವುದನ್ನು ಗಜೇಂದ್ರಗಡದ ಬೀಗರು ಕಂಡಿದ್ದರೋ ಇಲ್ಲವೋ! ಎರಡನೆಯ ಆಜ್ಞೆ, ಸೂಜಿ ಬಂದ್. "ಬಸರಿಗೆ ಸೂಜಿ ಚುಚ್ಚಿಸಬಾರದು, ಕೂಸಿಗೆ ತಾಗ್ತದ" ಎಂದರು. ನಾನು ದವಾಖಾನೆಯ ಕಡೆ ಹೋಗುವುದನ್ನೇ ಬಿಟ್ಟೆ. ಇವರಿಗೆ ಹೇಳಲಿಲ್ಲ. ಇವರು ಕೇಳಲಿಲ್ಲ. ನಾವಿಬ್ಬರೂ ಮರ್ಯಾದಸ್ಥರು.

ಮೂರು ವಾರ ಹೀಗೆ ಹೋಯಿತು. ಒಂದು ರವಿವಾರ ಗಂಗಾ ಖಣ ಹಿಡಿದುಕೊಂಡು ಮೋಟಾರಿನಿಂದ ಇಳಿದಳು. ನನ್ನ ಮುಖ ನೋಡಲಾರದೆ, ಅಪ್ಪನ ಮುಖವನ್ನೂ ನೋಡಲಾರದೆ ನೇರ ಅಡಿಗೆಮನೆಗೆ ಹೋಗಿ, "ಅವ್ವಾ, ಖರೇನ?" ಎಂದಳು. ನಾನು ನನ್ನ ಗಂಡುದನಿಯಲ್ಲಿ "ಅತ್ತಿ ಹಂಗಂತಾರ" ಎಂದೆ. ಅವಳು ಬೆಚ್ಚಿ ಹಿಂದೆ ಸರಿದಳು. ಅಷ್ಟರಲ್ಲಿ ನರ್ಸಬಾಯಿ ಬಾಗಿಲಲ್ಲಿ ಬಂದು ನಿಂತರು.

"ಏನ್ರಿ ಇಂದಿರಾಬಾಯಿ, ಮೂರು ವಾರ ಆತು, ಸೂಜಿಗೆ ಯಾಕ ಬಂದಿಲ್ಲ? ಜೀವ ಬ್ಯಾಡಾಗೇದೇನು?"

ಅತ್ತೆ ಅಡ್ಡ ಬಂದರು. "ಬಸರಿ ಹೆಣ್ಮಗಳಿಗೆ ಸೂಜಿ ಚುಚ್ತೀರೇನು?"

"ಯಾರು ಬಸರಿ?"

ಮೂವರೂ ನನ್ನನ್ನು ನೋಡಿದರು. ನರ್ಸಬಾಯಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿ, ಹೊಟ್ಟೆಯನ್ನು ಅತ್ತ ಒತ್ತಿ, ಇತ್ತ ಒತ್ತಿ, ಕೈ ಜಾಡಿಸಿಕೊಂಡು ಎದ್ದರು. "ಇದರಾಗ ಕೂಸಿಲ್ಲ. ರೊಟ್ಟಿ ಅವ" ಎಂದರು.

ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಈ ರೋಗ ಹೆಣ್ಣಿನ ಮೈಯೊಳಗಿನ ರಸವನ್ನು ಉಂಡು ಬೆಳೆಯುತ್ತದಂತೆ. ಅದಕ್ಕೆ ಅನ್ನ ಸಿಗಬಾರದೆಂದು ಗಂಡಸಿನ ಮೈಯೊಳಗಿನ ರಸವನ್ನು ಸೂಜಿಯಲ್ಲಿ ಹಾಕುತ್ತಾರಂತೆ. ಮುಟ್ಟು ನಿಲ್ಲುವುದು, ಉರಿ, ದನಿ, ಮೀಸೆ, ರೊಟ್ಟಿ, ಎಲ್ಲವೂ ಅದರದೇ. ಗಂಟು ತಿರುಗಿ ಬಂದ ಗುರುತು ಅದಲ್ಲ, ಬಾರದಿರಲಿ ಎಂದು ಮಾಡುವ ಉಪಾಯ. "ಡಾಕ್ಟರು ಇದನ್ನೆಲ್ಲಾ ನಿಮ್ಮ ಯಜಮಾನ್ರಿಗೆ ಬಿಡಿಸಿ ಬಿಡಿಸಿ ಹೇಳ್ಯಾರ. ಅವರು ನಿಮಗ ಹೇಳಿಲ್ಲೇನು?"

ಇವರು ಪಡಸಾಲೆಯಲ್ಲಿ ವರ್ತಮಾನಪತ್ರ ಓದುತ್ತಿದ್ದರು. ಪತ್ರ ಮೆಲ್ಲಗೆ ಮೇಲೇರಿ ಮುಖವನ್ನು ಪೂರಾ ಮುಚ್ಚಿತು. ಅದರ ಹಿಂದಿನಿಂದ ಸಣ್ಣ ದನಿ ಬಂತು: "ಹೇಳಬೇಕಂತನ ಮಾಡಿದ್ದೆ. ಸಂದರ್ಭ ಬರ್ಲಿಲ್ಲ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ಅತ್ತೆಯ ಎದುರಿಗೆ ಇವರೊಡನೆ ಒಂದು ಮಾತಾಡಿದವಳಲ್ಲ. ಅವತ್ತು ಮಾತಾಡಿದೆ. "ಏನು ಸಂದರ್ಭರೀ? ನಾ ಸತ್ತ ಮ್ಯಾಲ ಬರೋದಿತ್ತೇನು ನಿಮ್ಮ ಸಂದರ್ಭ? ನಾಲ್ಕು ತಿಂಗಳು ಸಾಯ್ತೀನಂತ ತಿಳಕೊಂಡು ಬದುಕೀನ್ರಿ ನಾ!" ನನ್ನ ಹಳೆಯ ದನಿಯಾಗಿದ್ದರೆ ಅಡಿಗೆಮನೆಯಲ್ಲೇ ಆರಿಹೋಗುತ್ತಿತ್ತು. ಈ ಹೊಸ ದನಿ ಮೂರು ಮನೆಯಾಚೆ ಹೋಯಿತು. ಇವರು ಮಾಮಲೇದಾರರು ಬಂದರೆ ಏಳುವಂತೆ ಎದ್ದು ನಿಂತರು. ಪತ್ರ ಕೆಳಗೆ ಬಿತ್ತು. ಕಣ್ಣಲ್ಲಿ ನೀರಿತ್ತು. "ಹೇಳಿದ್ರ ನೀ ಅಂಜತಿ ಅಂತ..." ಎಂದರು. ಅಂಜಿದ್ದು ಯಾರೆಂದು ನನಗೆ ಆಗ ತಿಳಿಯಿತು. ಬೈಯುವುದಕ್ಕೆ ಇನ್ನೂ ಬೇಕಾದಷ್ಟಿತ್ತು, ಬಿಟ್ಟೆ. ನರ್ಸಬಾಯಿಗೆ ಇದಾವುದರ ಗೊಡವೆಯೂ ಇರಲಿಲ್ಲ. ಅವರು ಸೂಜಿ ಕುದಿಸಲು ನೀರು ಕೇಳಿದರು. ತಪ್ಪಿದ ಮೂರು ವಾರ ಏನು ಮಾಡೀತು ಎಂದು ಕೇಳಿದೆ. "ನೋಡೋಣ, ಇನ್ನ ತಪ್ಪಿಸಬ್ಯಾಡ್ರಿ" ಎಂದರು. ಆ "ನೋಡೋಣ" ಇನ್ನೂ ನನ್ನ ಜೊತೆಯಲ್ಲೇ ಇದೆ.

ಅತ್ತೆ ಅವತ್ತು ಬೇಗನೆ ದೀಪ ಆರಿಸಿ ಮಲಗಿದರು. ಸೊಸೆಯ ಹೊಟ್ಟೆಯಲ್ಲಿದ್ದ ಮೊಮ್ಮಗ ರೊಟ್ಟಿಯಾಗಿ ಹೋದದ್ದು ಸಣ್ಣ ನಷ್ಟವಲ್ಲ. ಮರುದಿನ ನೋಡಿದರೆ ಹಸಿರು ಖಣ ಕತ್ತರಿಸಿಕೊಂಡು ಹೊಲಿಯಲು ಕೂತಿದ್ದಾರೆ. "ಕುಬಸಕ್ಕಂತ ಬಂದದ್ದು ಹೊಳ್ಳಿ ಹೋಗಬಾರದು" ಎಂದರು. ಎಡಗಡೆಗೆ ಒಳಗೊಂದು ಚೀಲ ಕೂಡಿಸಿ, ಅದರಲ್ಲಿ ಬಿಡಿಸಿದ ಹತ್ತಿ ತುಂಬಿ, ಬಲಗಡೆಗೆ ಸರಿಯಾಗುವಂತೆ ಒತ್ತಿ ಒತ್ತಿ ನೋಡಿ ಹೊಲಿದರು. ಅದನ್ನು ತೊಡಿಸಿ, ಮೀಸೆಯ ಸೊಸೆಗೆ ಆರತಿಯನ್ನೂ ಎತ್ತಿದರು. ಆಪರೇಶನ್ ಆದಮೇಲೆ ನನ್ನ ಸೆರಗು ಎಡಗಡೆ ಜಾರದೆ ನಿಂತದ್ದು ಅವತ್ತೇ ಮೊದಲು.

ನಾಲ್ಕು ದಿನ ಬಿಟ್ಟು, ನಾನು ರೊಟ್ಟಿ ಬಡಿಯುತ್ತ ಉರಿ ಬಂದು ಬೆವರಿ ಕೂತಿದ್ದಾಗ ಅತ್ತೆ ಬಂದು ಹಿಟ್ಟು ನಾದುವ ಕೊಣಮಿಗೆಯನ್ನು ತಮ್ಮ ಕಡೆ ಎಳೆದುಕೊಂಡರು. "ಏಳು. ಹೋಗಿ ದೂರ ಕೂಡು" ಎಂದರು.

"ಅತ್ತಿ, ಅದು ನಿಂತದಲ್ರಿ. ನರ್ಸಬಾಯಿ ಹೇಳಿದ್ರಲ್ಲ?"

"ನನಗ ಕಿವಿ ಅವ" ಎಂದು ಅತ್ತೆ ರೊಟ್ಟಿ ಬಡಿಯತೊಡಗಿದರು. "ನನಗೂ ಹಿಂಗ ಉರಿ ಬರ್ತಿತ್ತು, ಮುಟ್ಟು ನಿಂತಾಗ. ಯಾರಿಗೆ ಹೇಳೋದು? ದೇವಿ ಮುನಿದಾಳಂತ ತಿಳದು ಕೊಡ ಕೊಡ ನೀರು ಸುರಕೊಂಡೆ. ಮೊದಲೆಲ್ಲಾ ತಿಂಗಳಿಗೆ ಮೂರು ದಿನರೆ ಕೂಡ್ಲಿಕ್ಕೆ ಸಿಗ್ತಿತ್ತು. ಅದು ನಿಂತ ಮ್ಯಾಲ ಇಂದಿನ ತನಕಾ ನನಗ ಯಾರೂ ಕೂಡು ಅಂದಿಲ್ಲ. ನೀ ಕೂಡು ಹೋಗು."

ನಾನು ಹೋಗಿ ಕೂತೆ. ಮೂರು ದಿನ ಒಲೆಯಿಲ್ಲ, ನೀರು ಸೇದುವುದಿಲ್ಲ, ಹಿತ್ತಿಲ ಗಾಳಿ ಬೇಕಾದಷ್ಟು. ಮದುವೆಯಾದಂದಿನಿಂದ ಆ ಮೂಲೆಯನ್ನು ಮನಸಾರೆ ಬೈದವಳು ಈಗ ತಿಂಗಳು ಯಾವಾಗ ತುಂಬೀತು ಎಂದು ಕಾಯುತ್ತೇನೆ. ತೊಂದರೆ ಒಂದೇ: ಇಲ್ಲದ ಮುಟ್ಟಿಗೆ ತಿಥಿ ನೆನಪಿಡುವುದು ಕಷ್ಟ. ಹೋದ ತಿಂಗಳು ನಾನು ಎಂದಿನ ಗೊಂದಲದಲ್ಲಿ ಎರಡು ಸಲ ಕೂತೆ. ಎರಡನೆಯ ಸಲ ಚಾಪೆ ಹಾಸುವಾಗ ಅತ್ತೆ ಒಳಗಿನಿಂದ ಇಣುಕಿ, "ಇಷ್ಟು ಲಗೂ ಬಂತೇನು?" ಎಂದು ಕೇಳಿದರು. "ಹೌದ್ರಿ, ಅತ್ತಿ" ಎಂದು ನನ್ನ ದಪ್ಪ ದನಿಯಲ್ಲಿ ಹೇಳಿ, ಮೀಸೆ ಒರೆಸಿಕೊಂಡು ಕೂತೆ.