ಟೇಪು ಸುತ್ತುವ ಮಾವ

ಮಗಳ ಮದುವೆಯ ಒಂದು ಫೋಟೋ ತೋರಿಸಿ ಎಂದರೆ ಮುಕ್ಕಾಲು ಗಂಟೆ ಕೂರಿಸುವ ಮನುಷ್ಯ ಇಡೀ ಗುಂಡ್ಲುಪೇಟೆಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ. ಫೋಟೋ ಕಂಪ್ಯೂಟರಿನಲ್ಲೇ ಇದೆ, ಒಂದು ಗುಂಡಿ ಒತ್ತಿದರೆ ಬರುತ್ತದೆ. ಆದರೆ ಮಾವ ಅದನ್ನು ಟೇಪಿನಿಂದ ತೆಗೆದೇ ತೋರಿಸಬೇಕು. ಟೇಪು ಮೊದಲಿಂದ ಸುತ್ತಿಕೊಂಡು, ಕಿರ್ರೋ ಎಂದು ಹುಡುಕಿ, ನಿಂತು, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು ಫೋಟೋ ಕೊಡುವಷ್ಟರಲ್ಲಿ ನೆಂಟರು ಎರಡು ಸಲ ಕಾಫಿ ಕುಡಿದಿರುತ್ತಾರೆ. "ಬತ್ತದಾ ಇಲ್ವಾ ಅಂತ ಪರೀಕ್ಷೆ ಮಾಡ್ದಂಗೂ ಆಯ್ತು ಕಣವ್ವ" ಎನ್ನುತ್ತಾರೆ ಮಾವ.

ಟೇಪೆಂದರೆ ಹಾಡಿನ ಕ್ಯಾಸೆಟ್ಟಿಗೆ ಅಣ್ಣನಂತಿರುವ ದಪ್ಪನೆಯ ಕ್ಯಾಸೆಟ್ಟು. ಹಿಂದೆ ಆಫೀಸುಗಳಲ್ಲಿ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಇದರೊಳಗೆ ನಕಲು ಮಾಡಿ ಇಡುತ್ತಿದ್ದರು. ಮಾವ ಇಪ್ಪತ್ತು ವರ್ಷ ಮಾಡಿದ್ದು ಅದೇ ಕೆಲಸ. ಆಫೀಸಿನವರು ಟೇಪು ಓದುವ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ ದಿನ ಮಾವ ಅದನ್ನು ಕೇಳಿ ಪಡೆದು, ತಲೆಗೆ ಸುತ್ತಿದ್ದ ಟವೆಲ್ಲನ್ನೇ ಹೊದಿಸಿ ಮನೆಗೆ ತಂದರು. ಅಲ್ಲಿಂದಾಚೆಗೆ ಜಮೀನಿನ ಪಹಣಿ, ಮದುವೆ ಫೋಟೋ, ಹಂಗಳದ ಹೊಲದಲ್ಲಿ ಬೋರ್‌ವೆಲ್ ಕೊರೆಸುವಾಗ ತೆಗೆದ, ಕೆಸರು ಬಿಟ್ಟರೆ ಬೇರೇನೂ ಕಾಣದ ಇಪ್ಪತ್ತು ಚಿತ್ರ, ಎಲ್ಲವೂ ಪ್ರತಿ ಶುಕ್ರವಾರ ಟೇಪಿಗೆ ಹೋಗುತ್ತವೆ.

ಆ ಹೊತ್ತಿನಲ್ಲಿ ಅತ್ತೆ ಮಿಕ್ಸಿ ಹಾಕುವಂತಿಲ್ಲ. ಕರೆಂಟು ಏರುಪೇರಾದರೆ ಟೇಪು ಕೆಡುತ್ತದಂತೆ.

"ಅಂಗಾದ್ರ ಚಟ್ನಿ?" ಎಂದು ಅತ್ತೆ ಕೇಳಿದರೆ, "ಒರಳಲ್ಲಿ ರುಬ್ಬು" ಎಂದರು ಮಾವ.

"ಎಲ್ರೂ ಪೆನ್‌ಡ್ರೈವ್ಗೆ ಆಕ್ಬುಟ್ಟು ಸುಮ್ಕವ್ರೆ."

"ಪೆನ್‌ಡ್ರೈವು ಜೇಬಲ್ಲಿ ಕಳ್ದೋಯ್ತದೆ. ಇದ ಯಾರು ಜೇಬ್ಗೆ ಆಕ್ಕಂಡಾರು, ಯೇಳು."

ಅತ್ತೆ ಒರಳು ತೊಳೆಯಲು ಎದ್ದರು. ಅಂದಿನಿಂದ ಆ ಮನೆಯಲ್ಲಿ ಶುಕ್ರವಾರದ ಚಟ್ನಿ ಬಹಳ ರುಚಿ.

ಮಾವನ ಇನ್ನೊಂದು ನಿಯಮವೆಂದರೆ, ಒಂದು ನಕಲು ಬೇರೆ ಊರಿನಲ್ಲಿರಬೇಕು. ಮನೆಗೇ ಏನಾದರೂ ಆದರೆ? ಅದಕ್ಕೆ ಅವರು ಆರಿಸಿದ್ದು ಚಾಮರಾಜನಗರದ ನಮ್ಮ ಮನೆಯನ್ನು. ಅಲ್ಲಿ ನಾನು ಮತ್ತು ಅಮ್ಮ ಇರುವುದು. ಅಮ್ಮ ಅವರ ಅಕ್ಕ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಟೇಪನ್ನು ತೊಡೆಯ ಮೇಲಿಟ್ಟುಕೊಂಡು ಬಂದು, ಹೊಸದನ್ನು ಕೊಟ್ಟು, ಹಳೆಯದನ್ನು ಒಯ್ಯುವರು. ಒಮ್ಮೆ ತೆರಕಣಾಂಬಿಯಲ್ಲಿ ಜನ ತುಂಬಿದಾಗ ಕಂಡಕ್ಟರು ಬ್ಯಾಗನ್ನು ಇಂಜಿನ್ ಪಕ್ಕ ಇಡಿ ಎಂದರಂತೆ. ಶಾಖ ತಾಗುತ್ತದೆಂದು ಮಾವ ಬ್ಯಾಗನ್ನು ಸೀಟಿನಲ್ಲಿ ಕೂರಿಸಿ ತಾವು ನಿಂತೇ ಬಂದರು.

"ಅಯಸ್ಕಾಂತ ತಾಗಿಸ್ಬ್ಯಾಡ, ತೇವ ತಾಗಿಸ್ಬ್ಯಾಡ, ದೂಳು ತಾಗಿಸ್ಬ್ಯಾಡ" ಎಂದು ನನಗೆ ಪ್ರತಿ ಸಲವೂ ಹೇಳುವರು. ನಾನು ಪ್ರತಿ ಸಲವೂ ತಲೆಯಾಡಿಸುವೆ.

ಹೋದ ವರ್ಷ ಹಾಗೆ ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತಾ ಸೋಬಾನೆ ಪದ ಹೇಳುತ್ತಿದ್ದಳು. ಮಾವ ಮೊಬೈಲಿನಲ್ಲಿ ಹಿಡಿದುಕೊಂಡರು, ನನಗೂ ಕಳಿಸಿದರು. ಮುಂದಿನ ತಿಂಗಳು ಟೇಪು ಕೊಡುವಾಗ, "ಅಕ್ಕನ ಪದಾನೂ ಸೇರ್ಸಿವ್ನಿ" ಎಂದರು. ಪಹಣಿಯ ಜೊತೆ ಸೋಬಾನೆಯೇ ಎಂದು ನಾನು ನಕ್ಕೆ.

ಇದಾಗಿ ಸ್ವಲ್ಪ ದಿನಕ್ಕೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಮಾವ ಟೇಪು ಬದಲಿಸುವುದನ್ನೂ ಬಿಟ್ಟು ಬರಿಗೈಯಲ್ಲೇ ಬಂದು ಅವಳ ಪಕ್ಕ ಕೂರತೊಡಗಿದರು. ಕೈಕಾಲು ನಿಧಾನವಾಗಿ ಸರಿಹೋಯಿತು, ಮಾತು ಬರಲಿಲ್ಲ. ನಾಲ್ಕು ತಿಂಗಳು ಕಳೆದರೂ ಒಂದು ಪದವಿಲ್ಲ. ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮ, "ಅವರು ಹಾಡಿದ್ದೇ ಏನಾದರೂ ಇದ್ದರೆ ಕೇಳಿಸಿ, ಕೆಲವರಿಗೆ ಹಾಡಿನ ಜೊತೆ ಮಾತು ಬರುತ್ತದೆ" ಎಂದರು.

ನನ್ನ ಹಳೆಯ ಮೊಬೈಲು ನೀರಿನ ಸಂಪಿನೊಳಗೆ ಬಿದ್ದು ಸತ್ತಿತ್ತು. ಮಾವನೂ ಮೊಬೈಲು ಬದಲಿಸಿದ್ದರು. ಅವರಿಗೆ ಫೋನು ಮಾಡಿದೆ. ಹಿಂದಿನ ವಾರ ಸಿಡಿಲಿಗೆ ಅವರ ಕಂಪ್ಯೂಟರು ಸುಟ್ಟುಹೋಗಿತ್ತು. ಪರಿಚಯದ ಜೆರಾಕ್ಸ್ ಅಂಗಡಿಯ ಸಾಬರ ಹತ್ತಿರದಿಂದ ಒಂದು ಹಳೇ ಕಂಪ್ಯೂಟರು ತಂದು ಟೇಪಿನ ಪೆಟ್ಟಿಗೆ ಜೋಡಿಸಿದ್ದರು. ಆದರೆ ಮನೆಯಲ್ಲಿದ್ದ ಟೇಪು ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ಸುಕ್ಕಾಗಿತ್ತು.

"ನಿನ್ನತ್ರ ಒಂದದಲ್ಲವ್ವ" ಎಂದರು.

ಮರುದಿನ ಮಾವ ಆ ಕಂಪ್ಯೂಟರು, ಪೆಟ್ಟಿಗೆ, ಬೆರಳು ದಪ್ಪದ ಕೇಬಲ್ಲು ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಬಂದರು. "ಎಲ್ಲಿಟ್ಟಿದ್ದೀ?" ಎಂದು ಕೇಳಿದರು. ನಾನು ನೆಲಕ್ಕೆ ಬಗ್ಗಿ ಟಿವಿ ಸ್ಟ್ಯಾಂಡಿನ ಮೋಟುಗಾಲಿನ ಕೆಳಗಿನಿಂದ ಅದನ್ನು ಎಳೆದೆ. ಸ್ಟ್ಯಾಂಡು ಒಂದು ಕಡೆಗೆ ವಾಲಿತು. ಟಿವಿ ಸ್ಪೀಕರಿನ ಅಯಸ್ಕಾಂತ, ನೆಲದ ತೇವ, ದೂಳು, ಮೂರೂ ಅಲ್ಲಿದ್ದವು. ಬಯ್ಯುತ್ತಾರೆಂದು ಕಾದೆ. ಮಾವ ಪ್ಲಾಸ್ಟಿಕ್ ಡಬ್ಬಿಯನ್ನು ಪಂಚೆಯ ತುದಿಯಿಂದ ಒರೆಸಿ, ತೆರೆದು, ಟೇಪನ್ನು ಪೆಟ್ಟಿಗೆಗೆ ತಳ್ಳಿದರು.

ಟೇಪು ಸುತ್ತಿತು. ನಿಂತಿತು. ಹಿಂದಕ್ಕೆ ಹೋಯಿತು. ಮುಕ್ಕಾಲು ಗಂಟೆ ಇಷ್ಟು ಉದ್ದವೆಂದು ನನಗೆ ಆವತ್ತಿಗೆ ಮುಂಚೆ ಗೊತ್ತಿರಲಿಲ್ಲ. ಮಾವನ ಕೈ ಪೆಟ್ಟಿಗೆಯ ಮೇಲೇ ಇತ್ತು.

ಆಮೇಲೆ ಅಮ್ಮನ ದನಿ ಬಂತು. ಗಟ್ಟಿಯಾದ, ಸ್ವಲ್ಪ ಒರಟಾದ, ನಮ್ಮ ಮನೆಯಲ್ಲಿ ನಾಲ್ಕು ತಿಂಗಳಿಂದ ಇಲ್ಲದ ದನಿ. ಮಂಚದ ಮೇಲಿದ್ದ ಅಮ್ಮ ಕಂಪ್ಯೂಟರನ್ನೇ ನೋಡಿದಳು. ಪದ ನಡುವೆ ನಿಂತಿತು. ಮೊಬೈಲಿನಲ್ಲಿ ಹಿಡಿದ ದಿನ ಮುಂದಿನ ಸಾಲು ಅವಳಿಗೆ ಮರೆತಿತ್ತು. ಅದೇ ಸಮಯಕ್ಕೆ ಮೊಬೈಲು ಹಿಡಿದಿದ್ದ ಮಾವನ ದನಿ ನುಗ್ಗಿ ಯಾವುದೋ ತಪ್ಪು ಸಾಲು ಹೇಳಿತು.

ಅಮ್ಮನ ತುಟಿ ಅಲುಗಾಡಿತು. ಗಂಟಲಿನಿಂದ ಏನೋ ಉಜ್ಜಿಕೊಂಡು ಬಂತು.

"ಅದ... ಅಲ್ಲ ಕಣ್ಲಾ."

ಮಾವ ಎದ್ದು ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತರು. ಅವಳ ಕೈ ಹಿಡಿದುಕೊಂಡರು.

"ಮತ್ಯಾವ್ದಕ್ಕಾ?" ಎಂದರು. "ನೀನೇ ಯೇಳು. ನಂಗ ಗೊತ್ತಿಲ್ಲ."